ಗೊಬ್ಬರದಂಗಡಿ ಮೇಲಿನ ಬ್ರೌಸರ್

ಬ್ರೌಸರಿನ ಎಂಜಿನ್ ಕಟ್ಟುವ ಕೆಲಸಕ್ಕೆ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ಎರಡು ಮೂರು ವರ್ಷ ನೀವು ಕಟ್ಟಿದ್ದನ್ನು ನೀವೇ ಬಳಸಲಾರಿರಿ. ಬೆಳಿಗ್ಗೆ ಕಚೇರಿಗೆ ಬಂದು ಸುದ್ದಿ ನೋಡಬೇಕೆಂದರೆ ಬೇರೆಯವರ ಬ್ರೌಸರ್ ತೆರೆಯುತ್ತೀರಿ. ಓದಿ ಮುಗಿಸಿ, ಅದನ್ನು ಮುಚ್ಚಿ, ನಿಮ್ಮದನ್ನು ರಿಪೇರಿ ಮಾಡಲು ಕೂರುತ್ತೀರಿ. ಇದಕ್ಕೆ ನಾಚಿಕೊಳ್ಳುವವರು ಈ ಕೆಲಸದಲ್ಲಿ ಬಹಳ ದಿನ ನಿಲ್ಲುವುದಿಲ್ಲ. ನಾನು ಎಂಟು ವರ್ಷ ನಿಂತೆ. ಕಳೆದ ವರ್ಷ ಅರವತ್ತು ತುಂಬಿತು, ಕಣ್ಣಿನ ಡಾಕ್ಟರರು ಪರದೆ ಕಡಿಮೆ ಮಾಡಿ ಎಂದರು, ಬಿಟ್ಟೆ.

ನನ್ನ ಹೆಸರು ಹಸೀನಾ. ಹುಟ್ಟಿದ್ದು ಮಸ್ಕಿಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಲಿಂಗಸುಗೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಆ ಕಾಲಕ್ಕೆ ಆ ಕೆಲಸಕ್ಕೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ನನ್ನ ಬೆರಳು ಸಣ್ಣವು, ಒತ್ತಕ್ಷರದ ಮೊಳೆ ಬೇಗ ಹಿಡಿಯುತ್ತವೆ ಎಂದು ಮಾಲೀಕರು ಇಟ್ಟುಕೊಂಡರು. ಮೊಳೆಗಳ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಸಿಂಧನೂರಿಗೆ ಬಂದು ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲಗ್ನಪತ್ರಿಕೆ, ಕರಪತ್ರ, ಸಂಘಗಳ ವರದಿ ಮಾಡಿದೆ.

ಆ ಅಂಗಡಿಗೆ ಒಂದು ದಿನ ವೆಂಕಟರಾವ್ ಎಂಬವರು ಗೃಹಪ್ರವೇಶದ ಪತ್ರಿಕೆ ಮಾಡಿಸಲು ಬಂದರು. ವಳಕಮದಿನ್ನಿ ಹತ್ತಿರದ ಒಂದು ಕ್ಯಾಂಪಿನವರು. ಅವರ ಹಿರಿಯರು ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರು. ಇವರು ಓದಿ ಹೊರದೇಶದಲ್ಲಿ ಬಹಳ ವರ್ಷ ಬ್ರೌಸರ್ ಕೆಲಸ ಮಾಡಿ ಊರಿಗೆ ಮರಳಿದ್ದರು. ಪತ್ರಿಕೆಯ ಕರಡನ್ನು ಅವರು ಕೈಯಲ್ಲಿ ಹಿಡಿದಿದ್ದಾಗಲೇ ನಾನು ಮೇಜಿನ ಈಚೆಯಿಂದ, "ಮೂರನೇ ಸಾಲಿನ್ಯಾಗ ತ ಒತ್ತು ಒಂದು ಕೂದಲೆಳೆ ಎಡಕ್ಕ ಸರದೈತ್ರಿ, ಕೊಡ್ರಿ, ಸರಿ ಮಾಡ್ತೀನಿ" ಎಂದೆ. ಅವರು ಕನ್ನಡಕ ತೆಗೆದು ಹಾಕಿಕೊಂಡು ನೋಡಿದರು. ಅವರಿಗೆ ಕಾಣಲಿಲ್ಲ. ಅಳತೆಪಟ್ಟಿ ಹಿಡಿದು ನೋಡಿದರು. ಸರಿದಿತ್ತು.

"ಹಸೀನಾಗಾರು, ನನ್ನ ಹತ್ರ ಕೆಲಸಕ್ಕ ಬರ್ತೀರೇನು?" ಎಂದರು.

"ಏನು ಕೆಲಸರಿ?"

"ಹೊಸ ಬ್ರೌಸರ್ ಎಂಜಿನ್ ಕಟ್ಟಾಕತ್ತೀವಿ. ಬುನಾದಿಯಿಂದ."

ಬ್ರೌಸರ್ ಎಂದರೆ ನಾವು ಇಂಟರ್‌ನೆಟ್ ನೋಡುವ ಕಿಟಕಿ ಎಂದು ಗೊತ್ತಿತ್ತು. ಎಂಜಿನ್ ಗೊತ್ತಿರಲಿಲ್ಲ. ಅದು ಕಿಟಕಿಯ ಹಿಂದಿನ ಯಂತ್ರ. ದೂರದ ಕಂಪ್ಯೂಟರಿನಿಂದ ಬಂದದ್ದನ್ನು ಓದಿ, ಯಾವ ಅಕ್ಷರ ಎಲ್ಲಿ ಕೂರಬೇಕು, ಸಾಲು ಎಲ್ಲಿ ಮುರಿಯಬೇಕು, ಚಿತ್ರ ಎಷ್ಟು ಅಗಲ ಎಂದು ಗೊತ್ತುಮಾಡಿ ಪರದೆಯ ಮೇಲೆ ಬಿಡಿಸುವುದು ಅದರ ಕೆಲಸ. ಬೇರೆ ಬೇರೆ ಹೆಸರಿನ ಬ್ರೌಸರ್‌ಗಳು ಎಷ್ಟೋ ಇದ್ದರೂ ಒಳಗಿನ ಎಂಜಿನ್‌ಗಳು ಬೆರಳೆಣಿಕೆಯಷ್ಟು. ಅವೂ ದೊಡ್ಡ ಕಂಪನಿಗಳ ಕೈಯಲ್ಲಿವೆ. ಯಾರ ಎಂಜಿನ್ನಿನಿಂದಲೂ ಒಂದು ಸಾಲು ತೆಗೆದುಕೊಳ್ಳದೆ ಹೊಸದು ಕಟ್ಟಬೇಕೆಂದು ಹಲವು ದೇಶಗಳ ಜನ ಸೇರಿದ ಒಂದು ಗುಂಪು ಹೊರಟಿತ್ತು. ಅದರಲ್ಲಿ ನಮ್ಮ ಕಡೆಯ ಭಾಷೆಗಳ ಅಕ್ಷರ ಮೂಡಿಸುವ ಪಾಲನ್ನು ವೆಂಕಟರಾವ್ ಒಪ್ಪಿಕೊಂಡಿದ್ದರು.

"ಇದ್ದವೇ ಛಲೋ ನಡದಾವಲ್ರಿ. ಹೊಸಾದ್ಯಾಕ?" ಎಂದು ಕೇಳಿದೆ.

"ನಮ್ಮ ಕ್ಯಾಂಪಿಗೆ ಬರೋದು ಒಂದೇ ಕಾಲುವೆ. ಗೇಟಿನ ಕೀಲಿ ಯಾರ ಕೈಯಾಗ ಐತೋ ಅವರು ಬಿಟ್ಟಾಗ ನೀರು. ಅವರು ಒಳ್ಳೆಯವರೇ ಇರಬಹುದು. ಆದ್ರೂ ಇನ್ನೊಂದು ಕಾಲುವೆ ಇದ್ರ ಛಲೋ ಅಂತ ನಮ್ಮ ತಾತ ಸಾಯೋ ತನಕ ಅಂತಿದ್ದ" ಎಂದರು.

ಐವತ್ತೆರಡನೇ ವಯಸ್ಸಿಗೆ ಹೊಸ ಕೆಲಸಕ್ಕೆ ಸೇರಿದೆ.

ಕಚೇರಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಯೂರಿಯಾ, ಕೀಟನಾಶಕ. ಮೇಲೆ ನಾವು. ಭತ್ತದ ನಾಟಿ ಶುರುವಾಯಿತೆಂದರೆ ಮೆಟ್ಟಿಲ ಮೇಲೆಲ್ಲ ಚೀಲ, ಮೂಗಿಗೆ ಸೆರಗು ಹಿಡಿದು ಹತ್ತಬೇಕು. ನಾವಿದ್ದದ್ದು ಮೂವರು: ವೆಂಕಟರಾವ್, ನಾನು, ಮತ್ತೆ ಲಿಂಗಸುಗೂರಿನ ಮೌನೇಶ. ಮೌನೇಶ ನನಗಿಂತ ಇಪ್ಪತ್ತು ವರ್ಷ ಚಿಕ್ಕವ, ಕೋಡ್ ಬರೆಯುವುದರಲ್ಲಿ ಗಟ್ಟಿಗ, ಮಾತು ಕಡಿಮೆ. ಕೋಡ್ ಬರೆಯಲು ನನಗೆ ಕಲಿಸಿದವನು ಅವನೇ. ಮೊದಮೊದಲು ನಾನು ಬರೀ ನೋಡಿ ತಪ್ಪು ಹೇಳುವವಳು. ಎರಡನೇ ವರ್ಷದಿಂದ ಸಣ್ಣಪುಟ್ಟ ಭಾಗ ನಾನೇ ಬರೆಯತೊಡಗಿದೆ.

ನಮ್ಮ ಎಂಜಿನ್ನಿನಲ್ಲಿ ಮೂಡಿದ ಮೊದಲ ಕನ್ನಡ ಪದ "ಸಿಂಧನೂರು". ಮೊದಲ ದಿನ ಅದು ಬಿಡಿ ಬಿಡಿ ತುಂಡಾಗಿ ಬಂತು. ಸಕಾರ ಒಂದು ಕಡೆ, ಗುಡಿಸು ಇನ್ನೊಂದು ಕಡೆ, ಸೊನ್ನೆ ಸಾಲಿನ ತುದಿಗೆ. ಅದು ಸರಿಯಾಗಿ ಕೂಡಿ ನಿಲ್ಲಲು ಮೂರು ವಾರ ಹಿಡಿಯಿತು. ಕೂಡಿ ನಿಂತ ದಿನ ಕೆಳಗಿನ ಅಂಗಡಿಯವರನ್ನೂ ಕರೆದು ತೋರಿಸಿದೆವು. ಅವರು ನೋಡಿ, "ಇದನ್ನ ನನ್ನ ಫೋನಿನ್ಯಾಗೂ ಬರೀಬಹುದಲ್ರಿ" ಎಂದು ಇಳಿದು ಹೋದರು.

ನಾನು ಕೋಡ್ ಬರೆಯತೊಡಗಿದ ಹೊಸತರಲ್ಲಿ ಮಾಡಿದ ತಪ್ಪೊಂದನ್ನು ಹೇಳಬೇಕು. ಕನ್ನಡದ ಸಾಲುಗಳು ಒಂದಕ್ಕೊಂದು ಬಹಳ ದೂರ ದೂರ ಬೀಳುತ್ತಿದ್ದವು. ಪುಟ ನೋಡಲು ಹರಕು ಚಾಪೆಯಂತೆ ಇರುತ್ತಿತ್ತು. ನಾನು ಸಾಲುಗಳನ್ನು ಹತ್ತಿರ ಎಳೆದೆ. ಪುಟ ಬಿಗಿಯಾಗಿ, ಚೆಂದವಾಗಿ ಕಂಡಿತು. ಒಂದು ರೈತ ಸಂಘದ ಸದಸ್ಯರ ಪಟ್ಟಿಯ ಪುಟವನ್ನು ಪ್ರಿಂಟ್ ಹಾಕಿ ವೆಂಕಟರಾವ್ ಮುಂದಿಟ್ಟೆ. ಅವರು ಗಟ್ಟಿಯಾಗಿ ಓದಿದರು.

"ಮಲಪ. ಬಸಪ. ತಿಮಣ. ಅಯಮ." ಓದಿ ತಲೆ ಎತ್ತಿದರು. "ಇವರೆಲ್ಲ ಯಾವ ಊರವರು ಹಸೀನಾಗಾರು? ನಮ್ಮ ಕಡೆಯವರು ಅನಸಂಗಿಲ್ಲ."

ನೋಡಿದರೆ ಮಲ್ಲಪ್ಪ, ಬಸಪ್ಪ, ತಿಮ್ಮಣ್ಣ, ಅಯ್ಯಮ್ಮ ಎಲ್ಲರ ಒತ್ತೂ ಮಾಯ. ನಮ್ಮ ಎಂಜಿನ್ ಒಂದು ಸಾಲು ಬರೆದು, ಆಮೇಲೆ ಅದರ ಕೆಳಗಿನ ಸಾಲಿಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಮುಂದಿನ ಸಾಲು ಬರೆಯುತ್ತಿತ್ತು. ನಾನು ಸಾಲುಗಳನ್ನು ಹತ್ತಿರ ಎಳೆದದ್ದರಿಂದ ಕೆಳಗಿನ ಸಾಲಿನ ಬಿಳುಪು ಮೇಲಿನ ಸಾಲಿನ ಒತ್ತುಗಳನ್ನು ಮುಚ್ಚಿಹಾಕಿತ್ತು. ಎಲ್ಲ ಹಿನ್ನೆಲೆಯನ್ನೂ ಮೊದಲು ಬಳಿದು, ಅಕ್ಷರಗಳನ್ನು ಆಮೇಲೆ ಬರೆಯಬೇಕು ಎಂದು ನಿಯಮದ ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇತ್ತು. ನಾವು ಓದಿರಲಿಲ್ಲ, ಅಷ್ಟೆ.

ಆ ಪುಸ್ತಕದ ಬಗ್ಗೆ ಹೇಳದಿದ್ದರೆ ಈ ಕೆಲಸದ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಒಂದು ಪುಟ ಹೇಗೆ ಮೂಡಬೇಕು ಎಂಬ ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಪ್ರಿಂಟ್ ಹಾಕಿದರೆ ನಮ್ಮ ಒಂದು ಕೋಣೆ ತುಂಬುತ್ತದೆ. ವೆಂಕಟರಾವ್ ಅವರ ಕಟ್ಟುನಿಟ್ಟು ಏನೆಂದರೆ, ಬೇರೆ ಎಂಜಿನ್ನಿನ ಕೋಡ್ ನೋಡಬಾರದು, ಈ ನಿಯಮ ಓದಿಯೇ ಕಟ್ಟಬೇಕು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದುತ್ತಿದ್ದೆ. ಅಲ್ಲಿ "ಮಾಡಬೇಕು" ಎನ್ನುವುದಕ್ಕೂ "ಮಾಡಿದರೆ ಒಳ್ಳೆಯದು" ಎನ್ನುವುದಕ್ಕೂ ಬಹಳ ವ್ಯತ್ಯಾಸ. ನಮ್ಮ ಅರ್ಧ ತಪ್ಪುಗಳು ಆ ಎರಡು ಮಾತುಗಳನ್ನು ಒಂದೇ ಎಂದುಕೊಂಡದ್ದರಿಂದ ಆದವು.

ಮೂರನೇ ವರ್ಷದ ಹೊತ್ತಿಗೆ ನಮ್ಮ ಬ್ರೌಸರ್ ಸಾಧಾರಣ ಪುಟಗಳನ್ನು ತೆರೆಯತೊಡಗಿತು. ಆಗ ಹೊಸ ತೊಂದರೆ. ಎಷ್ಟೋ ಜಾಲತಾಣಗಳು ಬಾಗಿಲಲ್ಲೇ, "ನಿಮ್ಮ ಬ್ರೌಸರ್ ಹಳೆಯದು, ಬದಲಾಯಿಸಿಕೊಂಡು ಬನ್ನಿ" ಎಂದು ನಿಲ್ಲಿಸುತ್ತಿದ್ದವು. ಬ್ರೌಸರ್ ಪ್ರತಿ ತಾಣಕ್ಕೂ ಹೋದಾಗ ತನ್ನ ಹೆಸರು ಹೇಳುತ್ತದೆ. ನಮ್ಮ ಹೆಸರು ಅವರ ಪಟ್ಟಿಯಲ್ಲಿ ಇರಲಿಲ್ಲ.

"ಸರ್, ದೊಡ್ಡ ಬ್ರೌಸರಿನ ಹೆಸರು ಹೇಳಿಬಿಡೋಣ. ಒಳಗ ಬಿಡ್ತಾರ" ಎಂದ ಮೌನೇಶ.

"ಮೋಸ ಅದು" ಎಂದರು ವೆಂಕಟರಾವ್.

ಒಂದು ವರ್ಷ ಹಾಗೆಯೇ ಹೋಯಿತು. ವೆಂಕಟರಾವ್ ಒಂದೊಂದು ತಾಣಕ್ಕೂ ಪತ್ರ ಬರೆದರು. ನಮ್ಮದು ಹಳೆಯದಲ್ಲ, ಹೊಸದು, ದಯವಿಟ್ಟು ಒಳಗೆ ಬಿಡಿ ಎಂದು. ಉತ್ತರ ಬಂದದ್ದು ಒಂದೋ ಎರಡೋ. ಕೊನೆಗೊಂದು ದಿನ ಮೌನೇಶ ಎಲ್ಲ ದೊಡ್ಡ ಬ್ರೌಸರ್‌ಗಳೂ ಹೇಳಿಕೊಳ್ಳುವ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಟ್ಟ. ಒಂದೊಂದೂ ತನಗಿಂತ ಹಿಂದಿನವರ ಹೆಸರನ್ನು ತನ್ನ ಹೆಸರಿನ ಜೊತೆ ಸೇರಿಸಿಕೊಂಡೇ ಹೇಳುತ್ತಿತ್ತು, ಅವೂ ಒಂದು ಕಾಲದಲ್ಲಿ ಬಾಗಿಲಲ್ಲಿ ನಿಂತವೇ. ವೆಂಕಟರಾವ್ ಬಹಳ ಹೊತ್ತು ಆ ಹಾಳೆ ನೋಡಿದರು.

"ನಾನೇ ತಪ್ಪು ತಿಳಕೊಂಡಿದ್ದೆ ಮೌನೇಶ. ಒಂದು ವರ್ಷ ಹಾಳು ಮಾಡಿದೆ" ಎಂದರು. "ಹಿರಿಯರ ಹೆಸರೂ ಹೇಳು, ಜೊತೆಗೆ ನಮ್ಮದೂ ಹೇಳು. ನಮ್ಮದು ಬಿಡಬ್ಯಾಡ."

ನಾನು ಎಷ್ಟೋ ಮಾಲೀಕರ ಕೈಕೆಳಗೆ ದುಡಿದವಳು. ಕೆಳಗಿನವರ ಎದುರು "ನಾನೇ ತಪ್ಪು" ಎಂದವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ಈಗ ನನ್ನ ಇನ್ನೊಂದು ತಪ್ಪನ್ನು ಹೇಳುತ್ತೇನೆ. ಎಂಟು ವರ್ಷದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಮಾಡಲಿಲ್ಲ.

ಆರನೇ ವರ್ಷ. ನಮ್ಮ ಬ್ರೌಸರ್ ಹಳೆಯ ಕಂಪ್ಯೂಟರುಗಳಲ್ಲೂ ಹಗುರವಾಗಿ ಓಡುತ್ತದೆಂದು ಮಸ್ಕಿಯ ಒಂದು ಇಂಟರ್‌ನೆಟ್ ಅಂಗಡಿಯವರು ತಮ್ಮ ಎರಡು ಕಂಪ್ಯೂಟರಿಗೆ ಪರೀಕ್ಷೆಗಾಗಿ ಹಾಕಿಸಿಕೊಂಡಿದ್ದರು. ಜನ ಅಲ್ಲಿ ಅರ್ಜಿ ತುಂಬುತ್ತಿದ್ದರು. ಅಲ್ಲಿಂದ ಒಂದು ದೂರು ಬಂತು. ಕೆಲವು ಹೆಸರುಗಳ ನಡುವೆ ಒಂದು ಖಾಲಿ ಚೌಕ ಮೂಡುತ್ತಿದೆ, ನೋಡಲು ಅಸಹ್ಯ ಎಂದು.

ನಾನು ಹುಡುಕಿದೆ. ಕನ್ನಡದಲ್ಲಿ ಬರೆಯುವಾಗ ಒಂದು ವ್ಯಂಜನಕ್ಕೆ ಮುಂದಿನ ವ್ಯಂಜನ ಒತ್ತಾಗಿ ಕೂಡದಂತೆ ತಡೆಯಲು ನಡುವೆ ಒಂದು ಗುರುತು ಹಾಕುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ, ಜಾಗವನ್ನೂ ಹಿಡಿಯುವುದಿಲ್ಲ. "ಕೂಡಬೇಡ" ಎಂದು ಹೇಳುವುದಷ್ಟೇ ಅದರ ಕೆಲಸ. ನಮ್ಮ ಎಂಜಿನ್ ಅದನ್ನೂ ಒಂದು ಅಕ್ಷರವೆಂದು ತಿಳಿದು, ಅದರ ಆಕಾರ ಸಿಗದೆ, ಚೌಕ ಬಿಡಿಸುತ್ತಿತ್ತು. ಚೌಕ ಬಿಡಿಸಬೇಡ ಎಂದು ನಾನು ಬಿಡಿಸುವ ಭಾಗಕ್ಕೆ ಹೇಳಬೇಕಿತ್ತು. ಅದು ದೊಡ್ಡ ಕೆಲಸ. ಅದರ ಬದಲು, ಜನ ಬರೆದದ್ದು ಒಳಗೆ ಬರುವ ಜಾಗದಲ್ಲೇ ನಾಲ್ಕು ಸಾಲಿನ ಕೋಡ್ ಬರೆದು, ಕಾಣದ ಗುರುತುಗಳನ್ನೆಲ್ಲ ಕಸದಂತೆ ಗುಡಿಸಿ ಹೊರಹಾಕಿದೆ. ಒಂದೆರಡು ಪದ ಹಾಕಿ ನೋಡಿದೆ. ಚೌಕ ಹೋಯಿತೇ ಎಂದಷ್ಟೇ ನೋಡಿದ್ದು. ಹೋಗಿತ್ತು. ಎಲ್ಲರೂ ಭೇಷ್ ಎಂದರು.

ಎರಡು ತಿಂಗಳು ಕಳೆದಿರಬಹುದು. ಒಂದು ಗುರುವಾರ ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬರುತ್ತಿದ್ದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮೆಟ್ಟಿಲು ಹತ್ತಿ ಬಂದು ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಕಾಗದ.

"ಬ್ರೌಸರ್ ಮಾಡೋರು ಇಲ್ಲೇ ಅಂತ ಮಸ್ಕಿ ಅಂಗಡಿಯವರು ಹೇಳ್ಯಾರ. ಹಸೀನಾ ಆಪಾ ಅಂದ್ರ ನೀವೇನು?"

"ಹೌದು. ಬಾ, ಕೂಡು."

"ಕೂಡ್ತೀನಿ. ಮೊದಲ ನನ್ನ ಹೆಸರು ನೋಡ್ರಿ."

ಎರಡು ಕಾಗದ ಮೇಜಿನ ಮೇಲಿಟ್ಟಳು. ಒಂದು ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ "ಶಹನಾಜ್‌ಬೀ" ಎಂದಿತ್ತು. ಇನ್ನೊಂದು ನಮ್ಮ ಬ್ರೌಸರಿನಿಂದ ತುಂಬಿದ ಅರ್ಜಿಯ ರಸೀದಿ. ಅದರಲ್ಲಿ "ಶಹನಾಜ್ಬೀ" ಎಂದಿತ್ತು. ಜಕಾರದ ಕೆಳಗೆ ಬಕಾರದ ಒತ್ತು ನೇತಾಡುತ್ತಿತ್ತು.

ಅವಳು ಸಂತೆಕಲ್ಲೂರಿನವಳು. ಗಂಡ ಕೌದಿ ಹೊಲಿಯುವವ. ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗವೊಂದು ಖಾಲಿಯಾಗಿತ್ತು. ಊರು ಬಿಡದೆ ಸಿಗುವ ಕೆಲಸವೆಂದರೆ ಅದೊಂದೇ. ಕಾಗದಪತ್ರ ನೋಡುವ ದಿನ ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು, ಅಂಕಪಟ್ಟಿಯಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಒಂದು ಹೆಸರು, ಸೋಮವಾರದೊಳಗೆ ಸರಿಪಡಿಸಿಕೊಂಡು ಬಾ, ಇಲ್ಲವಾದರೆ ಅರ್ಜಿ ಬಿಡಬೇಕಾಗುತ್ತದೆ ಎಂದಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ನನ್ನ ಹಿಂದಿನಿಂದ ಮೌನೇಶ ಬಂದು ಎರಡೂ ಕಾಗದ ನೋಡಿದ. ತನ್ನ ಕಂಪ್ಯೂಟರಿನಲ್ಲಿ ಆ ಹೆಸರು ಬರೆದು, ಕಳಿಸುವ ಗುಂಡಿ ಒತ್ತಿ, ಹೋದದ್ದೇನು ಎಂದು ತೆರೆದ. ಬರೆದದ್ದು ಒಂದು, ಹೋದದ್ದು ಇನ್ನೊಂದು.

"ಅಕ್ಕಾರ," ಎಂದ ಮೆಲ್ಲಗೆ, "ಇದು ನೀವು ಬರದ ಗುಡಿಸೋ ಕೋಡು."

ಮೊಳೆ ಜೋಡಿಸುವ ಕಾಲದಲ್ಲಿ ಪದಗಳ ನಡುವೆ ಇಡುವ ಖಾಲಿ ಸೀಸದ ತುಂಡನ್ನೂ ಎಣಿಸಿ ಡಬ್ಬಿಗೆ ಹಾಕುತ್ತಿದ್ದವಳು ನಾನು. ಕಾಗದದ ಮೇಲೆ ಕಾಣದಿದ್ದರೂ ಅದಿಲ್ಲದೆ ಪದ ನಿಲ್ಲುವುದಿಲ್ಲ ಎಂದು ಗೊತ್ತಿದ್ದವಳು. ಅದೂ ಅಲ್ಲದೆ ಈ ಗುರುತು ಹೆಚ್ಚಾಗಿ ಬೇಕಾಗುವುದು ನಮ್ಮ ಮಂದಿಯ ಹೆಸರುಗಳಿಗೇ. ಮೆಹಬೂಬ್‌ಸಾಬ್, ಹುಸೇನ್‌ಬೀ, ರಶೀದ್‌ಖಾನ್. ನನ್ನ ಅಬ್ಬಾನ ಹೆಸರಿನಲ್ಲೂ ಇತ್ತು. ನಾನು ಒಂದು ಹೆಸರನ್ನೂ ಹಾಕಿ ನೋಡಿರಲಿಲ್ಲ.

"ತಪ್ಪು ನಂದೈತಿ" ಎಂದೆ ಅವಳಿಗೆ. "ನಾಳೆ ನಾನೇ ನೋಟರಿ ಹತ್ರ ಕರಕೊಂಡು ಹೋಗ್ತೀನಿ. ಎರಡೂ ಹೆಸರಿನಾಕಿ ನಾನೇ ಅಂತ ಒಂದು ಪ್ರಮಾಣಪತ್ರ ಮಾಡಿಸಿದ್ರ ಆತು. ಎಲ್ಲಾರೂ ಹಂಗ ಮಾಡ್ತಾರ."

ಶಹನಾಜ್ ನನ್ನ ಮುಖ ನೋಡಿದಳು. ಸಿಟ್ಟಿನಿಂದ ಅಲ್ಲ.

"ನಾ ಯಾಕ ಹಂಗ ಬರಕೊಡ್ಲಿ ಆಪಾ? ನಂಗ ಎರಡು ಹೆಸರಿಲ್ಲ. ನಮ್ಮ ನಾನಿ ಇಟ್ಟದ್ದು ಒಂದ ಹೆಸರು. ಇನ್ನೊಂದು ನಿಮ್ಮ ಮಷಿನ್ ಇಟ್ಟೈತಿ. ಇವತ್ತು ಎರಡು ಅಂತ ಒಪ್ಪಿದ್ರ ನಾಳೆ ರೇಷನ್ ಕಾರ್ಡಿಗೂ ಬರಕೊಡು ಅಂತಾರ, ಬ್ಯಾಂಕಿಗೂ ಬರಕೊಡು ಅಂತಾರ. ತಪ್ಪು ಯಾರು ಮಾಡ್ಯಾರೋ ಅವರು ಬರಕೊಡ್ರಿ."

ವೆಂಕಟರಾವ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬಾಗಿಲು ತೆರೆದೇ ಇತ್ತು. ಶಹನಾಜ್ ಹೊರಗೆ ಕುರ್ಚಿಯಲ್ಲಿ ಕೂತಿದ್ದಳು.

ಅವರಿಗೆ ಅದು ಒಳ್ಳೆಯ ಹೊತ್ತಾಗಿರಲಿಲ್ಲ. ಲಿಂಗಸುಗೂರಿನ ಸುತ್ತಲಿನ ಶಾಲೆಗಳನ್ನು ನಡೆಸುವ ಒಂದು ಸಂಸ್ಥೆ ತನ್ನ ಎಲ್ಲ ಕಂಪ್ಯೂಟರ್ ಕೋಣೆಗಳಿಗೆ ನಮ್ಮ ಬ್ರೌಸರ್ ಹಾಕಿಸಿಕೊಳ್ಳುವ ಮಾತು ಆಡಿತ್ತು. ಶನಿವಾರ ಅವರು ಬಂದು ಸಹಿ ಮಾಡುವವರಿದ್ದರು. ಆರು ವರ್ಷ ಪರೀಕ್ಷೆಗಲ್ಲದೆ ಯಾರೂ ಬಳಸದ ವಸ್ತುವಿಗೆ ಸಿಕ್ಕಿದ್ದ ಮೊದಲ ದೊಡ್ಡ ಮನೆ ಅದು.

"ಜನ ಬರದದ್ದನ್ನ ನಮ್ಮ ಬ್ರೌಸರ್ ಬದಲು ಮಾಡೈತಿ ಅಂತ ನಾವೇ ಬರದು ಸಹಿ ಹಾಕೋದು" ಎಂದರು ನಿಧಾನಕ್ಕೆ. "ಇದಕ್ಕಿಂತ ಕೆಟ್ಟ ಮಾತು ಬ್ರೌಸರಿಗೆ ಇಲ್ಲ ಹಸೀನಾಗಾರು."

"ಗೊತ್ತೈತ್ರಿ."

"ಆಕಿಗೆ ಸೋಮವಾರ ತನಕ ಟೈಮ್ ಐತಲ್ಲ. ಸೋಮವಾರ ಬೆಳಿಗ್ಗೆ ಪತ್ರ ಕೊಟ್ರ ಸಾಲದೇನು? ಅಷ್ಟರಾಗ ಶನಿವಾರ ಮುಗಿದಿರ್ತದ."

ಆ ದಾರಿ ನನಗೂ ಬೇಕಾಗಿತ್ತು. ತಪ್ಪು ನನ್ನದು, ಕಳೆದುಕೊಳ್ಳುವವರು ಅವರು.

"ಶಾಲಿ ಮಕ್ಕಳ ಹೆಸರೂ ಹಿಂಗ ಕೆಡ್ತಿದ್ವಲ್ರಿ" ಎಂದೆ.

"ಅಷ್ಟರಾಗ ರಿಪೇರಿ ಮಾಡ್ತೀವಲ್ಲ."

"ಮಾಡ್ತೀವಿ. ಅವರಿಗೆ ಗೊತ್ತಾಗದಂಗ ಮಾಡ್ತೀವಿ."

ಅವರು ಎದ್ದು ಹೊರಗೆ ಬಂದರು. ಶಹನಾಜ್ ಎದುರಿನ ಕುರ್ಚಿಯಲ್ಲಿ ಕೂತು ಆ ಎರಡು ಕಾಗದ ಕೇಳಿ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು.

"ಯಾವ ಊರಮ್ಮಾ?"

"ಸಂತೆಕಲ್ಲೂರ್ರಿ."

"ಬಸ್ಸಿಗೆ ಬಂದೀಯೇನು?"

"ಮಸ್ಕಿ ತನಕ ಆಟೋ, ಅಲ್ಲಿಂದ ಬಸ್ಸು. ಆಟೋ ತುಂಬೋ ತನಕ ಬಿಡಲಿಲ್ರಿ, ಅದಕ್ಕ ತಡಾ ಆತು."

ವೆಂಕಟರಾವ್ ಮೌನೇಶನ ಕಡೆ ತಿರುಗಿ, "ಪತ್ರ ಬರಿ. ಎರಡು ಪ್ರತಿ. ಒಂದು ಆಕಿ ಕೈಯಾಗ ಕೊಡು, ಒಂದು ಇವತ್ತೇ ಶಾಲೆಯವರಿಗೆ ಕಳಿಸು" ಎಂದರು. ಪತ್ರ ಬಂದಾಗ ಓದಿ, "ಸಣ್ಣ ತಾಂತ್ರಿಕ ದೋಷ" ಎಂದಿದ್ದ ಕಡೆ "ಸಣ್ಣ" ಹೊಡೆದು ಹಾಕಿ ಸಹಿ ಮಾಡಿದರು.

ಅಂದು ಸಂಜೆಯೊಳಗೆ ನನ್ನ ನಾಲ್ಕು ಸಾಲು ಕಿತ್ತು ಹಾಕಿದೆ. ಬಿಡಿಸುವ ಭಾಗದಲ್ಲಿ ಮಾಡಬೇಕಿದ್ದ ಕೆಲಸವನ್ನು ಮೌನೇಶ ಮಾಡಿದ. ಮರುದಿನ ಲ್ಯಾಪ್‌ಟಾಪ್ ಹಿಡಿದು ಮಸ್ಕಿಗೆ ಹೋದೆ. ಶಹನಾಜ್ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಇಬ್ಬರೂ ಅರ್ಜಿ ನೋಡಿದ್ದ ಅಧಿಕಾರಿಯ ಕಚೇರಿಗೆ ಹೋದೆವು. ಅಧಿಕಾರಿ ನನ್ನ ವಯಸ್ಸಿನವರೇ. ಪತ್ರ ಓದಿದರು, ನಂಬಲಿಲ್ಲ. ರಿಪೇರಿಗೆ ಮುಂಚಿನ ನಮ್ಮ ಬ್ರೌಸರಿನಲ್ಲಿ ಅವರ ಎದುರೇ ಹೆಸರು ಬರೆಯಲು ಶಹನಾಜ್‌ಗೆ ಹೇಳಿದೆ. ಕೆಟ್ಟು ಬಂತು. ಸರಿಪಡಿಸಿದ್ದರಲ್ಲಿ ಬರೆಯಲು ಹೇಳಿದೆ. ಸರಿಯಾಗಿ ಬಂತು. ಆಮೇಲೆ ಅವರೇ ಒಂದು ಸಲ ಬರೆದು ನೋಡಿದರು.

"ಕಣ್ಣಿಗೆ ಕಾಣದ ಒಂದು ಗುರುತಿಗೆ ಇಷ್ಟೆಲ್ಲ ಏನ್ರಿ?" ಎಂದರು. ನಂತರ ಪೆನ್ನು ತೆಗೆದು ರಸೀದಿಯ ಮೇಲೆ ಹೆಸರು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರು. ಹೊರಡುವಾಗ, "ಈಕಿ ಒಬ್ಬಾಕಿ ಬಂದು ಕೇಳ್ಯಾಳ. ಕೇಳದವರು ಎಷ್ಟು ಮಂದಿ ಅದಾರ, ಅವರನ್ನೂ ಹುಡುಕ್ರಿ" ಎಂದರು.

ಹುಡುಕಿದೆವು. ಆ ಅಂಗಡಿಯಲ್ಲಿ ಇನ್ನೂ ನಾಲ್ಕು ಜನರ ಹೆಸರು ಕೆಟ್ಟಿತ್ತು. ನಾಲ್ವರ ಮನೆಗೂ ಹೋಗಿ ಪತ್ರ ಕೊಟ್ಟು ಬಂದೆ. ಒಬ್ಬರ ಮನೆಯಲ್ಲಿ ಚಹಾ ಕೊಟ್ಟರು, ಒಬ್ಬರ ಮನೆಯಲ್ಲಿ ಬೈದರು.

ಶಾಲೆಯ ಸಂಸ್ಥೆಯವರು ಶನಿವಾರ ಬರಲಿಲ್ಲ. ಸದ್ಯಕ್ಕೆ ಬೇಡವೆಂದು ಮರ್ಯಾದೆಯಿಂದಲೇ ಬರೆದರು. ಮತ್ತೆ ಎಂದೂ ಬರಲಿಲ್ಲ. ವೆಂಕಟರಾವ್ ಆ ಬಗ್ಗೆ ನನ್ನೆದುರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂಗನವಾಡಿಯ ಕೆಲಸ ಶಹನಾಜ್‌ಗೆ ಸಿಗಲಿಲ್ಲ. ಅದೇ ಊರಿನ, ಗಂಡನಿಲ್ಲದ ಇನ್ನೊಬ್ಬ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿ ಮೇಲಿತ್ತು. ಫೋನ್ ಮಾಡಿ ಅವಳೇ ತಿಳಿಸಿದಳು. ನಾನು "ನನ್ನಿಂದ..." ಎಂದು ಶುರು ಮಾಡಿದೆ.

"ನಿಮ್ಮಿಂದ ಏನೂ ಅಲ್ಲ ಆಪಾ. ಆಕಿಗೆ ಸಿಗಬೇಕಿತ್ತು, ಸಿಕ್ಕೈತಿ. ನಾ ಸೋತ್ರೂ ನನ್ನ ಹೆಸರ್ಲೇ ಸೋತೀನಲ್ಲ" ಎಂದಳು. ಆಮೇಲೆ ದಖ್ಖನಿ ಉರ್ದುವಿನಲ್ಲಿ ನನ್ನ ಆರೋಗ್ಯ ವಿಚಾರಿಸಿ ಇಟ್ಟಳು.

ಆ ಘಟನೆಯ ನಂತರ ನಮ್ಮ ಕೆಲಸದ ರೀತಿ ಬದಲಾಯಿತು. ಮೊದಲು ಕಣ್ಣಳತೆಯಲ್ಲಿ ನೋಡುತ್ತಿದ್ದೆವು. ಆಮೇಲೆ ನಾವೇ ಮಾಡಿದ ಪದಗಳ ಪರೀಕ್ಷೆಯ ಪುಟಗಳು ಬಂದವು. ಈಗ ಅದೂ ಸಾಲದು ಎನಿಸಿತು. ನಾವು ಯೋಚಿಸಿದ ಪದಗಳು ನಾವು ಯೋಚಿಸಿದಷ್ಟು ತಪ್ಪನ್ನೇ ಹಿಡಿಯುತ್ತವೆ. ಬದುಕಿರುವ ಮನುಷ್ಯರ ಹೆಸರು ಬೇಕು, ಅವರು ಬರೆಯುವ ಹಾಗೆಯೇ ಬೇಕು ಎಂದೆ. ವೆಂಕಟರಾವ್ ಒಪ್ಪಿದರು. ಮನೆತನದ ಹೆಸರು, ವಿಳಾಸ ಯಾವುದೂ ಬೇಡ, ಕರೆಯುವ ಹೆಸರು ಮಾತ್ರ, ಅದೂ ಕೇಳಿ, ಒಪ್ಪಿದರೆ ಎಂದು ಗೊತ್ತುಮಾಡಿದರು. ನಾನು ಒಂದು ನೋಟ್‌ಬುಕ್ ಹಿಡಿದು ವಾರಕ್ಕೆ ಒಂದು ದಿನ ಊರೂರು ತಿರುಗಿದೆ. ಜನ ತಮ್ಮ ಹೆಸರನ್ನು ತಾವೇ ಬರೆಯಬೇಕು. ಬರೆಯಲು ಬಾರದವರು ಹೇಳಿದರೆ ನಾನು ಬರೆದು ಓದಿ ತೋರಿಸುತ್ತಿದ್ದೆ. ಆ ಹೆಸರುಗಳೆಲ್ಲ ಸೇರಿ ಒಂದು ಪುಟ. ಎಂಜಿನ್ನಿನಲ್ಲಿ ಯಾರು, ಯಾವ ದೇಶದಲ್ಲಿ ಕೂತು ಏನು ಬದಲಿಸಿದರೂ ಆ ಪುಟವನ್ನು ಯಂತ್ರವೇ ಒಮ್ಮೆ ಓಡಿಸಿ, ಒಂದು ಹೆಸರು ಕೆಟ್ಟರೂ ಆ ಬದಲಾವಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಈಗ ಸೇರುವವರಿಗೆ ಇದೊಂದು ತಲೆನೋವು ಎನಿಸುತ್ತದಂತೆ. ಎನಿಸಲಿ.

ಹಾಗೆ ತಿರುಗುವಾಗ ಒಂದು ದಿನ ಮುಕ್ಕುಂದಕ್ಕೆ ಹೋಗಿದ್ದೆ. ಭತ್ತದ ಕೊಯ್ಲು ಮುಗಿದು ಜನ ಬಿಡುವಾಗಿದ್ದರು. ಹೋಟೆಲಿನ ಮುಂದಿನ ಕಟ್ಟೆಯಲ್ಲಿ ಐದಾರು ಮಂದಿ ತಮ್ಮ ಹೆಸರು ಬರೆದುಕೊಟ್ಟರು. ಕೊನೆಯಲ್ಲಿ ಕೂತಿದ್ದ ಮುದುಕರೊಬ್ಬರು ಪೆನ್ನು ತೆಗೆದುಕೊಳ್ಳಲಿಲ್ಲ.

"ನನ್ನ ಹೆಸರು ತಗೊಂಡು ಏನ್ ಮಾಡ್ತೀಯವ್ವ?" ಎಂದು ಕೇಳಿದರು.

"ಕಂಪ್ಯೂಟರಿನ್ಯಾಗ ಹಾಕಿ ದಿನಾ ನೋಡ್ತೀವ್ರಿ. ಕೆಟ್ಟೈತೋ ಇಲ್ಲೋ ಅಂತ."

"ದಿನಾ?"

"ದಿನಾ."

"ಎಲ್ಲಿ ತನಕ?"

"ಆ ಬ್ರೌಸರ್ ಇರೋ ತನಕರಿ."

ಪಕ್ಕದವರು ಚಹಾ ಕುಡಿದು ಲೋಟ ಇಟ್ಟರು.

"ಹಂಗಾರ ನಂದು ಬ್ಯಾಡ. ನನ್ನ ಹೇಣ್ತಿ ಹೆಸರು ಬರ್ಕೊ" ಎಂದರು. "ಆಕಿ ಹೋಗಿ ಮೂರು ವರ್ಷಾತು. ರೇಷನ್ ಕಾರ್ಡಿನ್ಯಾಗ ತಗದ್ರು, ಓಟಿನ ಪಟ್ಟಿಯಾಗ ತಗದ್ರು. ಎಲ್ಲೂ ಇಲ್ಲೀಗ. ಹಂಪಮ್ಮ ಅಂತ. ಬರಿ."

ಬದುಕಿರುವವರ ಹೆಸರೇ ಬೇಕೆಂದು ನಾನೇ ಮಾಡಿದ ನಿಯಮ. ಅದನ್ನು ಅವರಿಗೆ ಹೇಳಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು, ಮಕಾರದ ಒತ್ತನ್ನು ಸರಿಯಾಗಿ ಕೂರಿಸಿ, ಅವರ ಮುಂದೆ ಹಿಡಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಬೆರಳಿಟ್ಟು ನೋಡಿದರು.

ನಾನು ಕೆಲಸ ಬಿಟ್ಟು ವರ್ಷವಾಯಿತು. ವಾರಕ್ಕೊಮ್ಮೆ ಮೌನೇಶ ಫೋನ್ ಮಾಡುತ್ತಾನೆ, ಇಂಥ ಕಡೆ ಇಂಥದ್ದು ಬದಲಾಯಿತು, ಹೆಸರಿನ ಪುಟ ಪಾಸಾಯಿತು ಎಂದು ಹೇಳುತ್ತಾನೆ. ಅವನಿಗೆ ಅದು ಪರದೆಯ ಮೇಲಿನ ಒಂದು ಹಸಿರು ಗುರುತು. ನಾನು ಮಾತ್ರ ಪ್ರತಿ ಸಲವೂ ಕೇಳುತ್ತೇನೆ: "ಮುಕ್ಕುಂದದ ಹಂಪಮ್ಮ?"

"ಅದಾಳ್ರಿ ಅಕ್ಕಾರ" ಎನ್ನುತ್ತಾನೆ.